ಹಿತ್ತಲಿನ ಅಶೋಕ ಸಸಿಗಳು

ತೊಂಬತ್ತರ ದಶಕದ ಕೊನೆಗೆ ಕ್ಯಾನ್ಸರ್ ಚಿಕಿತ್ಸೆಯಿಂದ ನನ್ನ ಸೋದರತ್ತೆಯ ತಲೆಗೂದಲೆಲ್ಲ ಉದುರಿತ್ತು. ಬೈಲಹೊಂಗಲದ ನಮ್ಮ ಹಿತ್ತಲಲ್ಲಿ, ತಲೆಯ ಮೇಲೆ ಸೆರಗಿಲ್ಲದೆ ಬೆಳಗಿನ ಬಿಸಿಲಿಗೆ ಕೂರಬೇಕೆಂಬುದೊಂದೇ ಅವಳ ಆಸೆ. ಆದರೆ ಪಕ್ಕದ ಮನೆಯವರ ಹೊಸ ಮೆಟ್ಟಿಲುಗಳು ನೇರ ಹಿತ್ತಲಿಗೇ ಇಣುಕುತ್ತಿದ್ದವು.

ಗೋಡೆಗೂ ಬಚ್ಚಲಿಗೂ ನಡುವೆ ಇದ್ದದ್ದು ಮೊಳದಷ್ಟು ಜಾಗ. ಮರೆಗೆ ಗಿಡ ನೆಡೋಣವೆಂದರೆ ಬೇವು ಅಗಲಕ್ಕೆ ಹಬ್ಬುತ್ತದೆ, ನುಗ್ಗೆ ಎಲೆ ಉದುರಿಸುತ್ತದೆ. ಕಿತ್ತೂರಿನ ನರ್ಸರಿಯಿಂದ ಅಶೋಕ ಸಸಿ ತಂದು, ಮಾರಿದವನ ರಾಗವನ್ನೇ ಎಳೆದು ಅತ್ತೆಗೆ ಹೇಳಿದೆ: "ಎತ್ತರಕ್ಕ ಹೋಗತೈತ್ರೀ, ಅಗಲಕ್ಕ ಬರಂಗಿಲ್ರೀ, ವರ್ಷಪೂರ್ತಿ ಹಸರ! ಥೇಟ್ ನನ್ನಂಗ ನೋಡ ಅತ್ತಿ, ಬರೇ ಉದ್ದ."

"ನಿನ್ನಂಗಾದ್ರ ನೆಳ್ಳೂ ಇಲ್ಲ, ಮರೆನೂ ಇಲ್ಲ ಬಿಡು" ಎಂದು ಅತ್ತೆ ನಕ್ಕಳು. ಆಮೇಲೆ ಮೊಣಕಾಲೆತ್ತರದ ಸಸಿಗಳನ್ನೂ ಪಕ್ಕದವರ ಮೆಟ್ಟಿಲುಗಳನ್ನೂ ನೋಡಿ, "ಇವು ಆ ಪಾವಟಿಗಿ ಮುಚ್ಚೂತನಕಾ ನಾ ಇರತೇನೇನೋ?" ಎಂದಳು. ನಾನು ಸಸಿ ನೆಡಲು ಕುಣಿ ತೋಡತೊಡಗಿದೆ.

ಗೋಡೆಯಾಚೆ ಪಕ್ಕದ ಮನೆಯಾಕೆ ಪಾತ್ರೆ ತಿಕ್ಕುತ್ತಿದ್ದರು.

ಮರುದಿನ ಬೆಳಿಗ್ಗೆ ಅವರ ಮೆಟ್ಟಿಲ ಕಂಬಿಯುದ್ದಕ್ಕೂ ಮನೆಯ ಕೌದಿ ಹೊದಿಕೆಗಳೆಲ್ಲ ಇಳಿಬಿದ್ದಿದ್ದವು.

"ಅಲ್ರೀ ಕಾಕೂ, ಒಣಾ ಕೌದಿ ಯಾಕ ಹಾಕೀರಿ?"

"ಹಸೀ ಅದಾವೋ ತಮ್ಮಾ. ನಿಮ್ಮ ಗಿಡ ಬೆಳಿಯೂತನಕಾ ಆರಂಗಿಲ್ಲ."

ಅತ್ತೆ ಸೆರಗು ಇಳಿಸಿ, ಕಣ್ಣು ಮುಚ್ಚಿ ಬಿಸಿಲಿಗೆ ಕುಳಿತಳು.