ಕ್ರಿಸ್‌ಮಸ್ಸಿನ ದಿನ ಹಾಕಿದ ಮಾಲೆ

ಅಯ್ಯಪ್ಪನ ಮಾಲೆ ಹಾಕಿದ ಮೇಲೆ ಸಿಟ್ಟು ಮಾಡಬಾರದು. ನಮ್ಮ ಗುರುಸ್ವಾಮಿ ಇದನ್ನು ಪ್ರತಿ ವರ್ಷ ನನ್ನ ಮುಖ ನೋಡಿಯೇ ಹೇಳುತ್ತಾರೆ, ಉಳಿದವರ ಮುಖ ನೋಡುವುದಿಲ್ಲ. ಕಪ್ಪು ಪಂಚೆ, ಬರಿಗಾಲು, ಬೆಳಗ್ಗೆ ತಣ್ಣೀರು, ಕುಡಿತ ಬಂದ್, ಮೀನು ಬಂದ್, ಎಲ್ಲವನ್ನೂ ಪಾಲಿಸುತ್ತೇನೆ. ಸಿಟ್ಟು ಮಾತ್ರ ನನ್ನ ಕೈಯಲ್ಲಿಲ್ಲ. ಸುಳ್ಯದಲ್ಲಿ ನನ್ನದೊಂದು ವೆಲ್ಡಿಂಗ್ ಶಾಪು ಇದೆ. ಸಿಟ್ಟು ಮಾಡದೆ ಒಂದು ಗೇಟು ಮಾಡಿ ಕೊಡುವವರಿದ್ದರೆ ಬಂದು ತೋರಿಸಲಿ ಮಾರಾಯ್ರೆ.

ನನ್ನ ಶಾಪಿನಲ್ಲಿ ಕೆಲಸಕ್ಕಿರುವವನು ಕಡಬ ಕಡೆಯ ಕ್ರಿಶ್ಚಿಯನ್, ಮನೆಮಾತು ಮಲಯಾಳ. ಒಳ್ಳೆಯ ಕೈ. ಆದರೆ ಆ ಕೈಗೆ ಸಂಜೆಯಾದರೆ ಗ್ಲಾಸು ಬೇಕಾಗುತ್ತಿತ್ತು. ಒಂದು ಕ್ರಿಸ್‌ಮಸ್ಸಿನ ದಿನ ಕುಡಿದು ಮನೆಗೆ ಹೋದವನು, ಮಗಳು ಹುಲ್ಲು ಹಾಸಿ, ಬಾಲಯೇಸುವಿನ ಬೊಂಬೆ ಇಟ್ಟು, ವಾರಗಟ್ಟಲೆ ಕೂತು ಕಟ್ಟಿದ್ದ ಗೋದಲಿಯ ಮೇಲೆಯೇ ಬಿದ್ದ. ಬಿದ್ದದ್ದು ಸಾಲದು ಅಂತ ಎದ್ದು ಅದನ್ನೇ ಒದ್ದ. ಮರುದಿನ ಹೆಂಡತಿ ಮಗಳ ಕೈ ಹಿಡಿದು ತವರಿಗೆ ಹೋದಳು. ನೆಟ್ಟಣದಿಂದ ಕಡಬಕ್ಕೆ ಹೋಗುವಾಗ ಒಳದಾರಿಯಲ್ಲಿ ಅವಳ ಅಪ್ಪನ ರಬ್ಬರ್ ತೋಟ. ಅಂದಿನಿಂದ ಇವನು ನನ್ನ ಶಾಪಿನ ಹಿಂದಿನ ಕೋಣೆಯಲ್ಲೇ ಇದ್ದ.

ಮಳೆಗಾಲ ಶುರುವಾದಾಗ ಕುಡಿತ ಬಿಟ್ಟ. ಹೇಗೆ ಬಿಟ್ಟ ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಕೈ ನಡುಗುತ್ತಿತ್ತು, ವೆಲ್ಡಿಂಗ್ ಮಾಡಿದರೆ ಗೆರೆ ಹಾವಿನ ಹಾಗೆ ಹೋಗುತ್ತಿತ್ತು. ನಾನು ಬೈದು ಬೈದು ಅದನ್ನೆಲ್ಲ ಪುನಃ ಮಾಡಿಸುತ್ತಿದ್ದೆ. ಡಿಸೆಂಬರ್ ಹೊತ್ತಿಗೆ ಗೆರೆ ನೇರವಾಯಿತು.

ಒಂದು ದಿನ ಮಾಸ್ಕ್ ತೆಗೆದು ನನ್ನ ಎದುರು ಬಂದು ನಿಂತ.

"ಸ್ವಾಮಿ, ಒಂದು ಮಾತು ಉಂಟು." ಮಾಲೆ ಹಾಕಿದವರನ್ನು ನಮ್ಮೂರಲ್ಲಿ ಎಲ್ಲರೂ ಸ್ವಾಮಿ ಅಂತಲೇ ಕರೆಯುವುದು. ಬೇರೆ ಸಮಯದಲ್ಲಿ ನಾನು ಅವನಿಗೆ ಅಣ್ಣ.

"ಎಂತ, ರಜೆಯಾ?"

"ಕ್ರಿಸ್‌ಮಸ್ಸಿಗೆ ಬರ್ಲಿಕ್ಕೆ ಹೇಳಿದ್ದಾಳೆ ಇವಳು. ಮಗು ಕೇಳ್ತಾ ಉಂಟಂತೆ. ಮಧ್ಯಾಹ್ನ ಊಟ ಮಾಡಿ ಸಂಜೆಗೆ ಮುಂಚೆ ಹೊರಡ್ಬೇಕು. ಒಂದು ತೊಟ್ಟು ಬಾಯಿಗೆ ಹೋದದ್ದು ಗೊತ್ತಾದ್ರೆ ಇನ್ನು ಮಗಳ ಮುಖ ನೋಡುದು ಬೇಡ ಅಂತ ಹೇಳಿದ್ದಾಳೆ."

"ಮತ್ತೆಂತ? ಹೋಗಿ ಬಾ."

"ಮಾವ ಉಂಟಲ್ಲ." ಅವನು ಕೈಯಲ್ಲಿದ್ದ ಗ್ಲೌಸನ್ನು ತಿರುಚಿದ. "ನೀವು ಜೊತೆಗೆ ಬಂದ್ರೆ ಎಂತದೂ ಹೇಳುದಿಲ್ಲ. ಮಾಲೆ ಹಾಕಿದವರ ಎದುರು ಅವ್ರು ಬಾಯಿ ಬಿಡುದಿಲ್ಲ."

ಅಂದರೆ ನಾನು ಕಾವಲಿಗೆ! ನನಗೆ ನಗುವೂ ಬಂತು, ಪಾಪ ಅಂತಲೂ ಅನ್ನಿಸಿತು. ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ನಮ್ಮ ಅರೆಭಾಷೆಯಲ್ಲಿ, "ನಿಮ್ಗೆ ಬೇರೆ ಕೆಲ್ಸ ಇಲ್ಲೆನಾ?" ಅಂದಳು. ಕುಡುಕನ ಮಾತು ಬೆಳಗಾದರೆ ಹೋಯ್ತು ಅಂತ ಗಾದೆಯನ್ನೂ ಸೇರಿಸಿದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದಕ್ಕೇ ನಾನು ರೇಗಿದೆ.

ಮಗಳಿಗೆ ಅಂತ ಅವನು ಗುಜರಿ ಸರಳಿನಿಂದ ಒಂದು ನಕ್ಷತ್ರ ಮಾಡಿದ. ಕೆಂಪು ಬಣ್ಣದ ಕಾಗದ ಸುತ್ತಿ, ಒಳಗೆ ಬಲ್ಬು ಇಟ್ಟ. ಹಬ್ಬದ ದಿನ ಬೆಳಗ್ಗೆ ಅದನ್ನು ಜೀಪಿನ ಹಿಂದೆ ಕಟ್ಟಿಕೊಂಡು ಹೊರಟೆವು. ಗುತ್ತಿಗಾರು ದಾಟುವವರೆಗೆ ಅವನು ಮಾತಾಡಿದ್ದು ಒಂದೇ ಸಲ.

"ಸ್ವಾಮಿ, ಬಾಯಿ ವಾಸನೆ ಬರ್ತದಾ ನೋಡಿ."

"ಕುಡಿಯದೆ ಎಂತ ವಾಸನೆ ಮಾರಾಯ?"

"ಇಲ್ಲ, ಆದ್ರೂ ನೋಡಿ."

ನೋಡಿದೆ. ಪೇಸ್ಟಿನ ವಾಸನೆ. ಬೆಳಗ್ಗೆಯಿಂದ ಎಷ್ಟು ಸಲ ಹಲ್ಲುಜ್ಜಿದ್ದನೋ ದೇವರಿಗೇ ಗೊತ್ತು. ದಾರಿಯಲ್ಲಿ ವೈನ್ ಶಾಪಿನ ಬೋರ್ಡು ಬಂದಾಗಲೆಲ್ಲ ಅವನು ತನ್ನ ಮೊಣಕಾಲು ನೋಡುತ್ತಿದ್ದ. ಹಬ್ಬ ಅಂತ ಅಲ್ಲೆಲ್ಲ ಬೈಕುಗಳು ಸಾಲಾಗಿ ನಿಂತಿದ್ದವು. ಏನೋ ಕೆಟ್ಟದ್ದಾಗಲಿಕ್ಕೆ ಇದೆ, ಅದನ್ನು ನಾನೇ ಜೀಪಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದೇನೆ ಅನ್ನಿಸಿತು.

ನೆಟ್ಟಣದ ಸ್ಟೇಷನ್ ಕಳೆದು ಒಳದಾರಿಗೆ ತಿರುಗಿದಾಗ ರಸ್ತೆಯ ಮೇಲೆ ಹಸಿ ಲದ್ದಿ ಬಿದ್ದಿತ್ತು. ಒಂದು ಬಾಳೆತೋಟ ಪೂರ್ತಿ ಮಲಗಿತ್ತು. ಆನೆ ಹಿಂದಿನ ರಾತ್ರಿ ಇಲ್ಲಿಗೇ ಬಂದಿತ್ತು. ಹಗಲಾದರೂ ಆ ದಾರಿಯಲ್ಲಿ ಒಂದು ಜನ ಕಾಣಲಿಲ್ಲ. ರಬ್ಬರ್ ಮರಗಳ ನಡುವೆ ಕತ್ತಲೆ, ಹಕ್ಕಿಯ ಸದ್ದೂ ಇಲ್ಲ. "ವಾಪಸ್ ಹೋಗುವಾ?" ಅಂತ ಅವನು ಮೆಲ್ಲಗೆ ಕೇಳಿದ. ನಾನು ಕೇಳಿಸದವನ ಹಾಗೆ ಗೇರ್ ಹಾಕಿದೆ.

ಮಾವ ಜಗಲಿಯಲ್ಲೇ ಕೂತಿದ್ದರು. ಆನೆ ಓಡಿಸಲಿಕ್ಕೆ ರಾತ್ರಿಯೆಲ್ಲ ಗರ್ನಾಲು ಪಟಾಕಿ ಹೊಡೆದು ಕಣ್ಣು ಕೆಂಪಾಗಿತ್ತು, ಅಂಗಳದಲ್ಲಿ ಮದ್ದಿನ ವಾಸನೆ ಇನ್ನೂ ಇತ್ತು. ನನ್ನ ಕಪ್ಪು ಬಟ್ಟೆ ನೋಡಿ ಎದ್ದು ನಿಂತು ಕೈ ಮುಗಿದರು. "ಬನ್ನಿ ಸ್ವಾಮಿ, ಕೂತ್ಕೊಳ್ಳಿ." ಅಳಿಯನ ಕಡೆ ತಿರುಗಲೂ ಇಲ್ಲ. ನಾನಿದ್ದೇನೆ ಅಂತ ಎಲ್ಲರೂ ಕನ್ನಡದಲ್ಲೇ ಮಾತಾಡಿದರು. ಮಾತಾಡಿದ್ದು ಬರೇ ಆನೆಯ ವಿಷಯ, ರಬ್ಬರಿನ ವಿಷಯ.

ಮಗು ಬಾಗಿಲ ಹಿಂದೆ ಇತ್ತು. ಒಂದನೇ ಕ್ಲಾಸೋ ಎರಡನೆಯದೋ, ಹಲ್ಲು ಬಿದ್ದ ಬಾಯಿ. ಅಪ್ಪನ ಕಡೆಯೂ ನೋಡುತ್ತದೆ, ಮೂಲೆಯಲ್ಲಿದ್ದ ಗೋದಲಿಯ ಕಡೆಯೂ ನೋಡುತ್ತದೆ. ಈ ವರ್ಷದ ಗೋದಲಿಯನ್ನು ಬೆಂಚಿನ ಮೇಲೆ, ಗೋಡೆಗೆ ಒತ್ತಿ, ಎದುರಿಗೆ ಎರಡು ಕುರ್ಚಿ ಅಡ್ಡ ಇಟ್ಟು ಕಟ್ಟಿದ್ದರು. ಆ ಕುರ್ಚಿ ಯಾಕೆ ಅಂತ ಯಾರೂ ಹೇಳಬೇಕಾಗಿರಲಿಲ್ಲ. ಅವನು ಅದನ್ನು ನೋಡಿದ, ಬೇಗ ಕಣ್ಣು ತೆಗೆದ.

ನಕ್ಷತ್ರ ಹೊರಗೆ ತೆಗೆದಾಗ ಮಾತ್ರ ಮಗು ಓಡಿ ಬಂತು. ಅಪ್ಪ ಏಣಿ ಹತ್ತಿದ, ಮಗಳು ಕೆಳಗಿನಿಂದ ವಯರ್ ಕೊಟ್ಟಳು. "ಇನ್ನೂ ಮೇಲೆ ಪಪ್ಪಾ! ಆನೆಗೂ ಕಾಣ್ಬೇಕು!" ಅವನು ನಕ್ಕ. ನನ್ನ ಶಾಪಿನಲ್ಲಿ ಇಷ್ಟು ವರ್ಷ ಇದ್ದವನು, ಆ ನಗುವನ್ನು ನಾನು ಕಂಡದ್ದು ಅದೇ ಮೊದಲು. ಹೆಂಡತಿ ಅಡುಗೆಮನೆಯಿಂದ ಬಂದು ಸೆರಗಿಗೆ ಕೈ ಒರೆಸುತ್ತಾ ನಿಂತಳು. ದೇವರೇ, ಇಷ್ಟಕ್ಕೇ ನಿಲ್ಲಲಿ, ಊಟ ಮಾಡಿ ಹೋಗಿಬಿಡುವ ಅಂದುಕೊಂಡೆ.

ಆಗ ಮಾವ ಮೊಮ್ಮಗಳ ಕಡೆ ತಿರುಗಿ, "ಮೋಳೇ," ಅಂದರು. ಮಲಯಾಳದಲ್ಲಿ ಮಗಳೇ ಅಂತ. "ಬಂದವರಿಗೆ ಕೊಡು."

ಅವರ ಮನೆಗಳಲ್ಲಿ ಅದೊಂದು ಕ್ರಮ. ಕ್ರಿಸ್‌ಮಸ್ಸಿಗೆ ಯಾರು ಬಂದರೂ ಒಂದು ತುಂಡು ಕೇಕು, ಒಂದು ಸಣ್ಣ ಗ್ಲಾಸು ವೈನು. ಮನೆಯಲ್ಲೇ ದ್ರಾಕ್ಷಿ ಹಿಂಡಿ ಭರಣಿಯಲ್ಲಿಟ್ಟದ್ದು. ಅದನ್ನು ಕುಡಿತ ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಜ್ಜಿಯಂದಿರೂ ಕುಡಿಯುತ್ತಾರೆ. ಮನೆಯ ಮಗು ತಂದು ಕೊಟ್ಟರೆ ಬೇಡ ಅನ್ನಬಾರದು, ಅಂದರೆ ಹಬ್ಬಕ್ಕೇ ಬೇಡ ಅಂದ ಹಾಗೆ. ಮಾವ ಮರೆತು ಹೇಳಿದರೋ, ಬೇಕಂತಲೇ ಹೇಳಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಹೆಂಡತಿಯ ಕೈ ಅರ್ಧ ಮೇಲೆದ್ದು ಅಲ್ಲೇ ನಿಂತಿತು. ಅಪ್ಪನ ಮಾತಿಗೆ ಅಡ್ಡ ಬರುವ ರೂಢಿ ಅವಳಿಗಿರಲಿಲ್ಲ.

ಮಗು ತಟ್ಟೆ ಹಿಡಿದು ಬಂತು. ಚೆಲ್ಲಬಾರದು ಅಂತ ನಾಲಿಗೆ ಕಚ್ಚಿಕೊಂಡು, ಹೆಜ್ಜೆ ಹೆಜ್ಜೆಯಾಗಿ. ಎರಡು ತುಂಡು ಕೇಕು, ಎರಡು ಗ್ಲಾಸು ವೈನು, ಕಡುಕೆಂಪು. ಆ ಹುಳಿ ಸಿಹಿ ವಾಸನೆ ನನ್ನ ಮೂಗಿಗೇ ಬಡಿಯಿತು, ಅವನಿಗೆ ಹೇಗೆ ಬಡಿದಿರಬೇಕು! ಅವನು ಕುರ್ಚಿಯ ಅಂಚಿನಲ್ಲಿ ಕೂತಿದ್ದ. ಕೈ ಮೊಣಕಾಲನ್ನು ಬಿಗಿಯಾಗಿ ಹಿಡಿದಿತ್ತು. ಮಾವನ ಕೆಂಪು ಕಣ್ಣು ಆ ಕೈಯ ಮೇಲೇ ಇತ್ತು. ತಟ್ಟೆಯನ್ನು ಎತ್ತಿ ಅಂಗಳಕ್ಕೆ ಎಸೆಯುವಷ್ಟು ಸಿಟ್ಟು ಬಂತು ನನಗೆ. ಆದರೆ ಎಸೆದರೆ ಆ ಮಗುವಿಗೆ ಅದು ಇನ್ನೊಂದು ಒದ್ದ ಗೋದಲಿಯೇ ಆಗುತ್ತಿತ್ತು.

ಮಗು ಮೊದಲು ನನ್ನ ಎದುರು ನಿಂತಿತು.

"ನಂಗೆ ಬೇಡ ಮಗಾ," ಅಂದೆ. "ನಾನು ಮಾಲೆ ಹಾಕಿದ್ದೇನಲ್ಲ. ಮಾಲೆ ಹಾಕಿದವರು ಇದೆಲ್ಲ ಮುಟ್ಲಿಕ್ಕಿಲ್ಲ."

ಅದಕ್ಕೆ ಬೇಸರವಾಗಲಿಲ್ಲ. ಅದರ ಕ್ಲಾಸಿನ ಎಷ್ಟು ಮಕ್ಕಳ ಅಪ್ಪಂದಿರು ಮಾಲೆ ಹಾಕಿರುತ್ತಾರೋ, ಅದಕ್ಕೆ ಎಲ್ಲ ಗೊತ್ತು. ತಲೆ ಆಡಿಸಿ ಅಪ್ಪನ ಕಡೆ ತಿರುಗಿತು.

ಅವನು ಗ್ಲಾಸು ನೋಡಿದ. ಬಹಳ ಹೊತ್ತು ನೋಡಿದ. ಅವನ ಕೈ ಮೊಣಕಾಲಿನಿಂದ ಎದ್ದಿತು. ಹೋಯ್ತು, ಎಲ್ಲ ಹೋಯ್ತು ಅಂತ ನಾನು ಕಣ್ಣು ಮುಚ್ಚಿದೆ.

"ಪಪ್ಪಾ," ಅಂದಿತು ಮಗು, "ನೀವು ಸಹ ಮಾಲೆ ಹಾಕಿದ್ದೀರಾ?"

ಕಣ್ಣು ತೆರೆದೆ. ಎದ್ದ ಕೈ ಗ್ಲಾಸಿನ ಹತ್ತಿರ ಹೋಗಿರಲಿಲ್ಲ, ತನ್ನ ಕುತ್ತಿಗೆಗೆ ಹೋಗಿತ್ತು. ಅಲ್ಲಿ ಏನೂ ಇರಲಿಲ್ಲ. ಶಿಲುಬೆಯ ಸರವನ್ನು ಕುಡಿತದ ಕಾಲದಲ್ಲೇ ಎಲ್ಲಿಯೋ ಬೀಳಿಸಿಕೊಂಡಿದ್ದ.

"ಹೌದು ಮೋಳೇ. ಹಾಕಿದ್ದೇನೆ."

"ಕಾಣುದಿಲ್ಲ?"

"ಒಳಗೆ ಉಂಟು."

ಮಗು ಅವನ ಅಂಗಿಯ ಕಾಲರ್ ಸಂದಿನಲ್ಲಿ ಇಣುಕಿತು. ಏನು ಕಂಡಿತೋ! "ಸ್ವಾಮಿಯವ್ರದ್ದು ಮಲೆಗೆ ಹೋಗಿ ಬಂದ್ಮೇಲೆ ತೆಗಿತಾರೆ. ನಿಮ್ದು ಯಾವಾಗ ತೆಗಿಯುದು?"

"ನಂದು ತೆಗಿಲಿಕ್ಕಿಲ್ಲ."

ಮಗು ಒಂದು ಕ್ಷಣ ಯೋಚಿಸಿ, "ಹಾಗಾದ್ರೆ ಕೇಕ್ ತಿನ್ನಿ," ಅಂದಿತು. ಮಾವ ಎದ್ದು ಬಂದು ತಟ್ಟೆಯಿಂದ ಎರಡೂ ಗ್ಲಾಸುಗಳನ್ನು ತೆಗೆದು, ಒಳಗೆ ಕೊಂಡುಹೋದರು. ಗೋದಲಿಯ ಎದುರಿನ ಒಂದು ಕುರ್ಚಿಯನ್ನು ಹೆಂಡತಿ ಎಳೆದು ಗಂಡನ ಊಟಕ್ಕೆ ಹಾಕಿದಳು. ಇನ್ನೊಂದನ್ನು ಅಲ್ಲೇ ಬಿಟ್ಟಳು. ಅವಳದ್ದೂ ಸರಿಯೇ.

ಮಕರ ಸಂಕ್ರಾಂತಿ ಕಳೆದು ನಾನು ಶಬರಿಮಲೆಯಿಂದ ಬಂದು ಮಾಲೆ ತೆಗೆದೆ. ಮಾಲೆ ತೆಗೆದ ದಿನ ನಮ್ಮಲ್ಲಿ ಕೋಳಿ, ಬಾಟ್ಲಿ ಎಲ್ಲ ಒಟ್ಟಿಗೇ ಬರುವುದು ರೂಢಿ. ಅವನು ನನ್ನ ಬರಿ ಕುತ್ತಿಗೆ ನೋಡಿ, "ತೆಗ್ದ್ರಾ ಅಣ್ಣಾ?" ಅಂದ. ತೆಗೆದೆ ಅಂದೆ. ಆ ಸಂಜೆ ನಾನು ಗೆಳೆಯರ ಜೊತೆ ಹೋಗಲಿಲ್ಲ. ವ್ರತವೂ ಅಲ್ಲ, ದೊಡ್ಡಸ್ತಿಕೆಯೂ ಅಲ್ಲ, ಶಾಪಿನ ಹಿಂದಿನ ಕೋಣೆಯಲ್ಲಿ ಅವನೊಬ್ಬನೇ ಇದ್ದಾನಲ್ಲ ಅಂತ ಹೆದರಿಕೆ.

ಈಗ ಭಾನುವಾರ ಇಗರ್ಜಿಯಿಂದ ಬಂದ ಮೇಲೆ ಮಗು ಅಮ್ಮನ ಮೊಬೈಲಿನಿಂದ ಫೋನು ಮಾಡುತ್ತದೆ. ಊಟ ಆಯ್ತಾ ಅಂತ ಇಲ್ಲ, ಹೇಗಿದ್ದೀರಿ ಅಂತ ಇಲ್ಲ. ಮೊದಲ ಮಾತೇ, "ಪಪ್ಪಾ, ಮಾಲೆ ಉಂಟಾ?" ಇವನು, "ಉಂಟು ಮೋಳೇ." ಆಮೇಲೆ ಉಳಿದ ಮಾತು.

ಕಳೆದ ಭಾನುವಾರ ಬಾಕಿ ಕೆಲಸಕ್ಕೆ ಅಂತ ನಾನೂ ಶಾಪಿನಲ್ಲಿದ್ದೆ. ಅವನ ಮುಖ ಬೆಳಗ್ಗೆಯಿಂದಲೇ ಸರಿ ಇರಲಿಲ್ಲ. ಮಾಡಿದ ಗೆರೆ ಪುನಃ ಹಾವಿನ ಹಾಗೆ ಹೋಗಿತ್ತು, ನಾನು ಬೈಯಲಿಲ್ಲ. ಫೋನು ಬಂತು. ಮಗು ಕೇಳಿತು. ಅವನು ಸ್ಪೀಕರಿಗೆ ಹಾಕಿದ್ದ ಫೋನನ್ನೇ ನೋಡುತ್ತಾ ನಿಂತ. ನಾನು ಗ್ರೈಂಡರ್ ಆಫ್ ಮಾಡಿದೆ.

"ಪಪ್ಪಾ, ಉಂಟಾ?"

ಅವನ ಕೈ ಮೆಲ್ಲನೆ ಕುತ್ತಿಗೆಗೆ ಹೋಯಿತು.

"ಉಂಟು," ಅಂದ. "ಇವತ್ತು ಉಂಟು ಮೋಳೇ."