ಮಂಚದ ಕೆಳಗಿನ ಮೋಟರ್

ನಿಮ್ಮನ್ನು ನಂಬಿಸಿ ನನಗೇನೂ ಲಾಭವಿಲ್ಲ. ಲಾಭವಿಲ್ಲದ ಕಡೆ ಸುಳ್ಳು ಹೇಳುವವನೂ ನಾನಲ್ಲ. ಇದು ನಡೆದದ್ದು.

ಕಮಲಾಪುರದ ಆಚೆ ಒಂದು ಕೆರೆಯಲ್ಲಿ ಮೀನು ಹಿಡಿಯುವ ಗುತ್ತಿಗೆ ನನ್ನದು. ಕಲಬುರಗಿಯ ಗುಜರಿ ಅಂಗಡಿಯಲ್ಲಿ ಅರ್ಧ ದಿನ ಚೌಕಾಸಿ ಮಾಡಿ, ದೋಣಿಯ ಹಿಂಭಾಗಕ್ಕೆ ಸಿಕ್ಕಿಸುವ ಹಳೆಯ ಪೆಟ್ರೋಲ್ ಮೋಟರೊಂದನ್ನು ತಂದಿದ್ದೆ. ಆ ಕೆರೆಯಲ್ಲಿ ಮೋಟರ್ ಇರುವ ದೋಣಿ ನನ್ನದೊಂದೇ. ಅದು ಹೋದರೆ ಮನೆಯ ಅನ್ನವೇ ಹೋದಂತೆ.

ದೋಣಿ ಇರುವವರಿಗೆ ಒಂದು ಮಾತು ಹೇಳುತ್ತೇನೆ: ದೋಣಿಯನ್ನು ಸರಪಳಿಯಿಂದ ಮರಕ್ಕೆ ಕಟ್ಟಿ ಬೀಗ ಜಡಿಯಿರಿ, ಮೋಟರನ್ನು ಮಾತ್ರ ದಿನವೂ ಬಿಚ್ಚಿ ಒಳಗೆ ತನ್ನಿ. ನಾನು ದಡದ ಗುಡಿಸಲಲ್ಲಿ ಅದನ್ನು ಮಂಚದ ಕೆಳಗಿಟ್ಟು ಮಲಗುತ್ತಿದ್ದೆ. ದೋಣಿಯ ಮೂತಿಗೆ ಒಂದು ನೈಲಾನ್ ದಾರ, ಅದರ ಇನ್ನೊಂದು ತುದಿ ನನ್ನ ಕಾಲಿನ ಹೆಬ್ಬೆರಳಿಗೆ. ಯಾರಾದರೂ ಅಲುಗಾಡಿಸಿದರೆ ಎಚ್ಚರವಾಗಲಿ ಎಂದು.

ಜೊತೆಗೆ ಮಲಗುತ್ತಿದ್ದ ಹೆಂಡತಿಯ ತಮ್ಮ ಮಲ್ಲಣ್ಣನಿಗೆ ಅದನ್ನು ಕಂಡರೆ ನಗು. "ಮಾಮಾ, ಕಳ್ಳ ದೋಣಿ ಜೋಡಿ ನಿಮ್ಮನ್ನೂ ಎಳಕೊಂಡು ಹೋದ್ರ ಅಕ್ಕಗ ಏನ್ ಹೇಳ್ಲಿ?"

"ಮೋಟರ್ ಉಳದದ ಅಂತ ಹೇಳು."

ಅವತ್ತು ಗಾಳಿಯೂ ಇರಲಿಲ್ಲ. ನಡುರಾತ್ರಿ ದಾರ ಎಳೆಯಿತು... ಮೆಲ್ಲಗೆ, ಎರಡು ಸಲ.

ದಾರ ಬಿಚ್ಚಿ, ಟಾರ್ಚ್ ಹಿಡಿದು ಓಡಿದೆ. ದೋಣಿ ಇತ್ತು. ಬೀಗ ಇತ್ತು. ನೀರು ಅಲುಗುತ್ತಿರಲಿಲ್ಲ. ಬಂದು ಮಲಗಿದೆ.

ಆಗ ಕೆರೆಯ ನಡುವಿನಿಂದ ಸದ್ದು... ಡುಗ್... ಡುಗ್... ಆಮೇಲೆ ಒಂದು ಕೆಮ್ಮು. ನನ್ನ ಮೋಟರಿನ ಕೆಮ್ಮು. ಅದನ್ನು ನಾನು ನಿದ್ದೆಯಲ್ಲೂ ಗುರುತಿಸಬಲ್ಲೆ.

ಮಲ್ಲಣ್ಣ ಕತ್ತಲಲ್ಲಿ ಎದ್ದು ಕೂತಿದ್ದ. "ಮಾಮಾ... ನಮ್ಮ ಮೋಟರ್ ಹೊಂಟದ."

"ಇಲ್ಲೇ ಅದ. ಸುಮ್ನಿರು."

"ಹಂಗಾರ ಅದೇನ್ರೀ?"

ಮಂಚದ ಕೆಳಗೆ ಕೈ ಇಳಿಬಿಟ್ಟು ಮುಟ್ಟಿದೆ. ಮೋಟರ್ ಇತ್ತು. ಬಿಸಿಯಾಗಿತ್ತು... ಕೈ ಚುರ್ ಎನ್ನುವಷ್ಟು. ಆ ದಿನ ಅದನ್ನು ನೀರಿಗೇ ಇಳಿಸಿರಲಿಲ್ಲ. ಪೆಟ್ರೋಲಿನ ವಾಸನೆ, ಅದರೊಳಗೆ ಹಸಿ ಪಾಚಿಯ ವಾಸನೆ.

ಭಯ ಬರಬೇಕಿತ್ತು. ಬರಲಿಲ್ಲ. ಕೈಕಾಲು ಜೋಮು ಹಿಡಿದಂತಿತ್ತು, ಮನಸ್ಸೂ. ಸದ್ದು ನಿಲ್ಲುವವರೆಗೆ ಸುಮ್ಮನೆ ಕೇಳುತ್ತಾ ಬಿದ್ದಿದ್ದೆ.

ಬೆಳಿಗ್ಗೆ ಮಲ್ಲಣ್ಣ ಚೀಲ ಹೆಗಲಿಗೇರಿಸಿ ನಿಂತಿದ್ದ. "ಪೊಲೀಸ್ರಿಗೆ ಹೇಳೂಣೇನ್ರೀ?"

"ಏನಂತ? ಏನ್ ಹೋಗ್ಯದ ನಮ್ದು?"

ಅವನು ಬಸ್ಸು ಹತ್ತಿ ಹೋದವನು ಮತ್ತೆ ಕೆರೆಯ ಕಡೆ ಬಂದಿಲ್ಲ.

ನಾನು ಇಲ್ಲೇ ಇದ್ದೇನೆ. ಬೇರೆ ಕಸುಬು ಗೊತ್ತಿಲ್ಲ. ಮೋಟರ್ ಕಳುವಾಗಿಲ್ಲ, ರಾತ್ರಿ ನನ್ನ ಕೆಳಗೇ ಇರುತ್ತದೆ. ಮೊನ್ನೆ ಕೆರೆಯ ನಡುವೆ ಮತ್ತೆ ಆ ಸದ್ದು ಕೇಳಿತು... ಕೈ ಚಾಚಿ ಮುಟ್ಟಿ ನೋಡಬಹುದಿತ್ತು.

ಚಾಚಲಿಲ್ಲ.