ಹೌದೆನ್ನುವ ತನಕ ಊಟವಿಲ್ಲ

ಇವತ್ತು ಭಾನುವಾರ. ಬೆಳಿಗ್ಗೆ ಹೈದರಾಬಾದಿನ ತಾರ್ನಾಕದ ನಮ್ಮ ಖಾಯಂ ಕ್ಷೌರದಂಗಡಿಯಲ್ಲಿ ಹೊಸದೊಂದು ಮರ್ಯಾದೆ ಶುರುವಾಗಿತ್ತು. ದಾಡಿ ಮುಗಿದ ಮೇಲೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಪುಟ್ಟ ಟವೆಲನ್ನು ಮುಖದ ಮೇಲೆ ಹೊದಿಸಿದರು. ಅದರಿಂದ ನಿಂಬೆಹುಲ್ಲಿನ ಪರಿಮಳ ಬರುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡೇ, ಯಾರೂ ಏನೂ ಕೇಳದಿದ್ದರೂ, "ಅಭೀ ನಹೀ, ಥೋಡಾ ರುಕಿಯೇ", ಈಗಲೇ ಬೇಡ, ಸ್ವಲ್ಪ ತಾಳಿ, ಎಂದು ಹಿಂದಿಯಲ್ಲಿ ಅಂದುಬಿಟ್ಟೆ. ಕ್ಷೌರಿಕ ಬೆಚ್ಚಿ ಟವೆಲು ತೆಗೆದ. ಬಹಳ ಬಿಸಿಯಾಯಿತೇ ಎಂದು ತೆಲುಗಿನಲ್ಲಿ ಕೇಳಿದ. ಇಲ್ಲಪ್ಪ, ಬೇರೆ ಏನೋ ನೆನಪಾಯಿತು ಎಂದೆ. ಅವನಿಗೆ ಅಷ್ಟು ಸಾಕಾಯಿತು. ನಿಮಗೆ ಸಾಲದು, ಗೊತ್ತು.

ನೆನಪಾದದ್ದು ನಾಲ್ಕೈದು ವರ್ಷದ ಹಿಂದೆ ಗಚ್ಚಿಬೌಲಿಯ ಒಂದು ಭಾರಿ ಹೋಟೆಲಿನಲ್ಲಿ ಕಳೆದ ಮಧ್ಯಾಹ್ನ. ಗಾಜಿನ ಕಟ್ಟಡದ ಮೇಲಿನ ಮಹಡಿ, ಹಗಲಲ್ಲೂ ಉರಿಯುವ ಮಂದ ದೀಪ, ಹೆಜ್ಜೆಯ ಸಪ್ಪಳವನ್ನೇ ನುಂಗುವ ಜಮಖಾನೆ. ಅಲ್ಲಿಗೆ ಊಟಕ್ಕೆ ಹೋಗಿದ್ದೆವು ಎಂದರೆ ತಪ್ಪಾದೀತು. ಹೋದದ್ದು ನಮ್ಮ ಮಗಳಿಗೆ ಗಂಡು ಗೊತ್ತುಮಾಡಲು. ಊಟ ಮಾಡಬೇಕೋ ಬೇಡವೋ ಎನ್ನುವುದೇ ಅಲ್ಲಿ ಪ್ರಶ್ನೆಯಾಗಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ವಿಜಯಪುರದ ಕಡೆಯವನು. ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ಹೈದರಾಬಾದಿಗೆ ಬಂದು, ಇಲ್ಲೇ ನಿವೃತ್ತನಾದವನು. ಮನೆಯ ಹೊರಗೆ ತೆಲುಗು, ಹಿಂದಿ ಆಡಿ ಆಡಿ ಬಾಯಿ ಸವೆದರೂ ಮನೆಯೊಳಗಿನ ರೀತಿರಿವಾಜು ಊರಿನವೇ. ನಮ್ಮ ಬಳಗದಲ್ಲಿ ಹೆಣ್ಣು ನೋಡಲು ಬಂದವರು ಹೆಣ್ಣಿನ ಮನೆಯಲ್ಲಿ ಊಟ ಮಾಡುವುದಿಲ್ಲ. ಫಳಾರ ನಡೆಯುತ್ತದೆ: ಉಪ್ಪಿಟ್ಟು, ಶಿರಾ, ಚಹಾ. ಅನ್ನ, ರೊಟ್ಟಿ ಮಾತ್ರ ಮುಟ್ಟುವಂತಿಲ್ಲ. ಹುಡುಗಿ ಒಪ್ಪಿಗೆಯಾದರೆ ಅವರ ಹಿರಿಯರು "ಊಟಾ ಮಾಡೇ ಹೋಗ್ತೀವ್ರಿ" ಅನ್ನುತ್ತಾರೆ, ಅಲ್ಲಿಗೆ ಮದುವೆ ನಿಕ್ಕಿ. ಚಹಾದ ಕಪ್ಪು ಕೆಳಗಿಟ್ಟು "ಊರಿಗೆ ಹೋಗಿ ತಿಳಸ್ತೀವ್ರಿ" ಅಂದರೆ ತಿಳಿಸಬೇಕಾದ್ದನ್ನು ಆಗಲೇ ತಿಳಿಸಿದ ಹಾಗೆ. ಯಾರೂ ಬಾಯಿಬಿಟ್ಟು ಬೇಡ ಅನ್ನಬೇಕಾಗಿಲ್ಲ. ಬಹಳ ನಾಜೂಕಿನ ಏರ್ಪಾಡು ಎಂದು ನಾನು ಹೆಮ್ಮೆಪಡುತ್ತಿದ್ದೆ, ನನ್ನ ಮನೆಗೇ ಆ ಕಾಲ ಬರುವ ತನಕ.

ನಮ್ಮ ಅಶ್ವಿನಿಯನ್ನು ನೋಡಲು ಎರಡು ಸಲ ಜನ ಬಂದಿದ್ದರು. ಎರಡು ಸಲವೂ ನನ್ನ ಹೆಂಡತಿ ಬಂದವರಿಗೆ ಉಪ್ಪಿಟ್ಟು ಮಾಡಿದ್ದಲ್ಲದೆ, ಯಾರಿಗೂ ಕಾಣದಂತೆ ಒಳಗೆ ಪೂರಾ ಊಟವನ್ನೂ ತಯಾರಿಸಿಟ್ಟಿದ್ದಳು. ಹೌದು ಅಂದಮೇಲೆ ಒಲೆ ಹಚ್ಚಿದರೆ ಬೀಗರು ಹಸಿದು ಕೂರಬೇಕಾಗುತ್ತದಲ್ಲ ಎಂಬ ಮುಂದಾಲೋಚನೆ. ಹೋಳಿಗೆ, ಎಣ್ಣೆಗಾಯಿ, ಕಟ್ಟಿನ ಸಾರು, ಎಲ್ಲವೂ ಮುಚ್ಚಿಟ್ಟ ಪಾತ್ರೆಗಳಲ್ಲಿ ಕಾಯುತ್ತಿದ್ದವು. ಎರಡು ಸಲವೂ ಬಂದವರು ಊರಿಗೆ ಹೋಗಿ ತಿಳಿಸುತ್ತೇವೆ ಎಂದರು. ಆ ಹೋಳಿಗೆಗಳನ್ನು ನಾವು ಮೂವರೇ ಕೂತು, ಒಬ್ಬರ ಮುಖ ಒಬ್ಬರು ನೋಡದೆ ತಿಂದು ಮುಗಿಸಿದೆವು. ಎರಡನೆಯ ಸಲ ಅಶ್ವಿನಿ ಕೈತೊಳೆದು ಬಂದು, ಇನ್ನು ಟ್ರೇ ಹಿಡಿದು ಯಾರ ಮುಂದೆಯೂ ಬರುವುದಿಲ್ಲ ಎಂದಳು. ಸಿಟ್ಟಿನಿಂದ ಅಂದಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುವವಳು. ಬಿದ್ದು ಎದ್ದವರನ್ನು ಮತ್ತೆ ನಡೆಸುವುದು ಅವಳ ಕೆಲಸ. ರೋಗಿಗೆ ಹೇಳುವಷ್ಟೇ ಮೆತ್ತಗೆ ಹೇಳಿದಳು.

ಆಮೇಲೆ ಗಿರೀಶನ ಸಂಬಂಧ ಬಂತು. ರಾಯಚೂರು ಕಡೆಯ ಮನೆತನ, ಹೈದರಾಬಾದಿನಲ್ಲಿ ನಲ್ಲಿ-ಪೈಪುಗಳ ಅಂಗಡಿ. ತಂದೆ ಇಲ್ಲ. ತಾಯಿ ಮತ್ತು ಸೋದರಮಾವನೇ ಹಿರಿಯರು. ಮನೆಗೆ ಬರುವುದು ಬೇಡ, ಹೊರಗೆ ಎಲ್ಲಾದರೂ ಎಲ್ಲರೂ ಭೇಟಿಯಾಗೋಣ ಎಂದು ಅಶ್ವಿನಿ ಷರತ್ತು ಹಾಕಿದಳು. ಹುಡುಗ ಒಪ್ಪಿದ. ಇಬ್ಬರೂ ಫೋನಿನಲ್ಲೇ ಮಾತಾಡಿಕೊಂಡು ಹೋಟೆಲು ಗೊತ್ತುಮಾಡಿದರು. ಇದೇ ಕಡೆಯ ಸಲ ಎಂದು ನಮ್ಮ ಮಗಳು ಹೇಳದಿದ್ದರೂ ನನಗೂ ನನ್ನ ಹೆಂಡತಿಗೂ ಅದು ಗೊತ್ತಿತ್ತು. ಹೀಗಾಗಿ ಆ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿಯನ್ನೇ ಮತ್ತೆ ಎರಡು ಸಲ ಇಸ್ತ್ರಿ ಮಾಡಿದ್ದೆ.

ಗೊಂದಲ ಬಾಗಿಲಲ್ಲೇ ಶುರುವಾಯಿತು. ನಾನು ಹೆಣ್ಣಿನ ತಂದೆ, ಬಂದವರನ್ನು ಬರಮಾಡಿಕೊಳ್ಳಬೇಕು. ಆದರೆ ಮನೆ ನನ್ನದಲ್ಲ. ಗಿರೀಶನ ಮಾವ ಹಿರಿಯ ವ್ಯಾಪಾರಿ, ಯಾರನ್ನಾದರೂ ಒಳಗೆ ಕರೆಯುವುದು ಅವರ ರಕ್ತದಲ್ಲೇ ಇದೆ. ನಾನು "ಬರ್ರಿ ಬರ್ರಿ" ಎಂದೆ, ಅವರೂ "ಬರ್ರಿ ಬರ್ರಿ" ಎಂದರು. ಇಬ್ಬರದೂ ಅಲ್ಲದ ಬಾಗಿಲಲ್ಲಿ ಇಬ್ಬರೂ ಕೈಚಾಚಿ ಒಬ್ಬರನ್ನೊಬ್ಬರು ಒಳಗೆ ಕರೆಯುತ್ತ ನಿಂತೆವು. ಬಾಗಿಲು ಹಿಡಿದಿದ್ದ ಪೇಟದ ಮನುಷ್ಯ ಕೈ ಬದಲಾಯಿಸಿದ. ಕೊನೆಗೆ ಹೆಂಗಸರು ಮೊದಲು ಹೋದರು.

ಕೂತ ಕೂಡಲೇ ನಿಂಬೆಹುಲ್ಲಿನ ಪರಿಮಳದ ಬಿಸಿ ಟವೆಲು ಬಂದವು, ಕೈ ಒರೆಸಿಕೊಂಡೆವು. ಆಮೇಲೆ ಬಂದ ಮೆನು ಪುಸ್ತಕದಲ್ಲಿ ಒಂದೊಂದು ತಿನಿಸಿನ ಬಗ್ಗೆಯೂ ನಾಲ್ಕು ಸಾಲು ಬರೆದಿತ್ತು. ಅದು ಯಾವ ರಾಜನ ಅಡಿಗೆಮನೆಯಿಂದ ಬಂತು, ಯಾವ ಬೆಟ್ಟದ ಉಪ್ಪು ಹಾಕಿದೆ ಎಂಬುದೆಲ್ಲ ಇತ್ತು, ಒಳಗೇನಿದೆ ಎಂಬುದು ಮಾತ್ರ ಇರಲಿಲ್ಲ. ನಾನು ಅದನ್ನು ಓದುವಂತೆ ನಟಿಸುತ್ತಿರುವಾಗ ಮಾವನವರು ಪುಸ್ತಕ ಮುಚ್ಚಿ, "ಊಟದ್ದು ಆಮ್ಯಾಲ ನೋಡೂಣ್ರಿ. ಮೊದಲ ಫಳಾರ ಆಗಲಿ" ಎಂದರು. ನನ್ನ ಹೆಂಡತಿ ನನ್ನತ್ತ ನೋಡಿದಳು. ಈ ಗಾಜಿನ ಗೋಪುರದಲ್ಲೂ ಊರಿನ ನಿಯಮವೇ ನಡೆಯುತ್ತದೆ ಎಂದು ಇಬ್ಬರಿಗೂ ಅರ್ಥವಾಯಿತು.

ಆದರೆ ಇಲ್ಲಿ ಫಳಾರ ಯಾವುದು, ಊಟ ಯಾವುದು? ಸುವರ್ಣಗೆಡ್ಡೆಯ ಕಬಾಬು ಬಂತು, ಅದು ಫಳಾರವೇ, ತಕರಾರಿಲ್ಲ. ಗಾಜಿನ ಗುಮ್ಮಟದೊಳಗೆ ಹೊಗೆ ತುಂಬಿಸಿ ತಂದ ಪನೀರೂ ಸರಿ. ಮೂರನೆಯದು ಗುಂಡಗೆ ಕರಿದ ಉಂಡೆ. ಮಾವನವರು ಒಂದನ್ನು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಗಿರೀಶನ ತಾಯಿ ವೇಟರನ್ನು ಕೇಳಿದರು, ಒಳಗೇನಿದೆ ಎಂದು. ಅವನು ಅಭಿಮಾನದಿಂದ ಮೊಸರನ್ನ ಎಂದ. ಮಾವನವರ ಕೈ ಬಾಯಿಯ ಹತ್ತಿರವೇ ನಿಂತಿತು. ಅನ್ನವೆಂದಮೇಲೆ ಊಟ. ಅದರಲ್ಲೂ ಮೊಸರನ್ನವೆಂದರೆ ಊಟ ಮುಗಿದಂತೆ. ಇನ್ನೂ ಹೆಸರು, ನಕ್ಷತ್ರ ಕೇಳುವ ಮೊದಲೇ ಊಟ ಮುಗಿದುಹೋದರೆ ಹೇಗೆ? ಅವರು ಉಂಡೆಯನ್ನು ಮೆಲ್ಲಗೆ ತಟ್ಟೆಯ ಅಂಚಿಗೆ ಇಟ್ಟರು. ನನ್ನ ಮನಸ್ಸು ಕುಗ್ಗಿತು. ಹಾಗಾದರೆ ಇವರಿನ್ನೂ ನಿರ್ಧಾರ ಮಾಡಿಲ್ಲ. ಮನೆಯಾಗಿದ್ದರೆ ಒತ್ತಾಯ ಮಾಡಿ ಬಡಿಸುತ್ತಿದ್ದೆ. ಇಲ್ಲಿ ಒತ್ತಾಯ ಮಾಡಿದರೆ ಮಗಳನ್ನೇ ಗಂಟುಹಾಕಿದ ಹಾಗಾಗುತ್ತದೆ, ಸುಮ್ಮನಿದ್ದರೆ ಆದರ ಗೊತ್ತಿಲ್ಲದವನಾಗುತ್ತೇನೆ. ಮೇಜಿನ ಕೆಳಗೆ ಹೆಂಡತಿ ನನ್ನ ಕಾಲು ಅದುಮಿದಳು. ಮಾತಾಡು ಅಂತಲೋ, ಸುಮ್ಮನಿರು ಅಂತಲೋ ತಿಳಿಯದೆ ನೀರು ಕುಡಿದೆ.

ಆ ವೇಟರು ಬಿಳಿ ಮೀಸೆಯ, ಶೇರವಾನಿ ತೊಟ್ಟ ಗಂಭೀರ ಮನುಷ್ಯ. ಪ್ರತಿ ತಟ್ಟೆ ಖಾಲಿಯಾದಾಗಲೂ ಬಂದು, ಸ್ವಲ್ಪ ಬಾಗಿ, "ಮೇನ್ ಕೋರ್ಸ್, ಸರ್?" ಎಂದು ಕೇಳುತ್ತಿದ್ದ. ಪಾಪ, ಅವನಿಗೇನು ಗೊತ್ತು! ಅವನು ಕೇಳುತ್ತಿದ್ದುದು ನಮ್ಮ ಲೆಕ್ಕದಲ್ಲಿ, ಹುಡುಗಿ ನಿಮಗೆ ಒಪ್ಪಿಗೆಯೇ ಎಂದು. ಕೇಳಿದಾಗಲೆಲ್ಲ ಮಾವನವರು ಅಕ್ಕನ ಕಡೆ, ಅಕ್ಕ ಮಗನ ಕಡೆ, ಮಗ ಮೆನುವಿನ ಕಡೆ ನೋಡುತ್ತಿದ್ದರು. ಕೊನೆಗೆ ನಾನೇ, "ಅಭೀ ನಹೀ, ಥೋಡಾ ರುಕಿಯೇ" ಅನ್ನುತ್ತಿದ್ದೆ. ಅವನು ಇನ್ನೊಂದು ಬಗೆಯ ಕಬಾಬು ತರುತ್ತಿದ್ದ. ಕಾರ್ಖಾನೆಯಲ್ಲಿ ನನ್ನ ಕೆಲಸ ತಯಾರಾದ ಬಿಡಿಭಾಗಗಳನ್ನು ಪರೀಕ್ಷಿಸಿ ಪಾಸು-ಫೇಲು ಚೀಟಿ ಅಂಟಿಸುವುದಾಗಿತ್ತು. ಆ ಮಧ್ಯಾಹ್ನ ಚೀಟಿ ಯಾರ ಕೈಯಲ್ಲಿದೆ ಎಂದೇ ತಿಳಿಯಲಿಲ್ಲ.

ಹುಡುಗ-ಹುಡುಗಿ ಮೇಜಿನ ಆ ತುದಿಯಲ್ಲಿ ತಮ್ಮಷ್ಟಕ್ಕೆ ಮಾತಾಡುತ್ತಿದ್ದರು. ನಾನು ಕಿವಿ ಅತ್ತಲೇ ಇಟ್ಟಿದ್ದೆ. ಆಸ್ಪತ್ರೆಯ ಮುಂದೆ ಗಾಡಿ ನಿಲ್ಲಿಸಲು ಜಾಗವಿಲ್ಲ ಎಂಬುದಷ್ಟೇ ಕೇಳಿಸಿತು. ಪಾರ್ಕಿಂಗ್ ವಿಷಯ ಮಾತಾಡುವುದು ಶುಭವೋ ಅಶುಭವೋ? ಒಮ್ಮೆ ಇಬ್ಬರೂ ನಕ್ಕರು. ನನಗೆ ಆಸೆ ಚಿಗುರಿತು.

ವೇಟರು ಮತ್ತೆ ಬಂದ. ಮತ್ತೆ ಅದೇ ಪ್ರಶ್ನೆ. ನಾನು ಬಾಯಿ ತೆರೆಯುವ ಮೊದಲೇ ಅಶ್ವಿನಿ ಹಿಂದಿಯಲ್ಲಿ, ನನಗೆ ಬೇಳೆ, ಅನ್ನ, ಎರಡು ರೋಟಿ ತಂದುಕೊಡಿ ಎಂದಳು. ಬೇರೆಯವರಿಗೆ ಎಂದು ಅವನು ಕೇಳಿದ. ಅವರದು ಅವರನ್ನೇ ಕೇಳಿ ಎಂದಳು. ಅವನು ನಮ್ಮೆಲ್ಲರ ಮುಖ ನೋಡಿ, ಕೇಳದೆ ಹೊರಟುಹೋದ.

ಊಟ ಬಂತು. ಅವಳು ಚಮಚ ಪಕ್ಕಕ್ಕಿಟ್ಟು ಕೈಯಿಂದ ಕಲಸಿ ಉಣ್ಣತೊಡಗಿದಳು. ಭಾನುವಾರವೂ ಆಸ್ಪತ್ರೆಗೆ ಹೋಗಿ, ಅಲ್ಲಿಂದ ನೇರ ಬಂದವಳು. ಐದು ಜನ ಸುತ್ತ ಕೂತು ಒಬ್ಬಳು ಉಣ್ಣುವುದನ್ನು ನೋಡುತ್ತಿದ್ದೆವು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಗಂಡಿನ ಕಡೆಯವರು ಉಂಡರೆ ಏನರ್ಥ ಎಂದು ನನಗೆ ಗೊತ್ತು. ಹುಡುಗಿಯೇ ಮೊದಲು ಉಂಡರೆ ಏನರ್ಥ? ಅವಳು ಒಪ್ಪಿದಳೇ, ಇವರಿಗೆ ಅವಮಾನ ಮಾಡಿದಳೇ? ಯಾವ ಹಿರಿಯರೂ ಇದಕ್ಕೆ ಅರ್ಥ ಹೇಳಿಟ್ಟಿರಲಿಲ್ಲ. ಹೆಣ್ಣಿನ ಒಪ್ಪಿಗೆಗೆ ಒಂದು ಗುರುತನ್ನೇ ಇಟ್ಟಿರಲಿಲ್ಲವಲ್ಲ ಎಂದು ನನಗೆ ಹೊಳೆದದ್ದು ಅಲ್ಲಿ, ಆ ಜಮಖಾನೆಯ ಮೇಲೆ.

ಕೊನೆಗೆ ಗಿರೀಶನ ತಾಯಿಯೇ ಮುಂದೆ ಬಾಗಿ ಕೇಳಿದರು. "ಏನವಾ, ನೀ ಉಣ್ಣಾಕತ್ತಿದ್ದು ಹೌದು ಅಂತನೋ, ಹಸಿವಿಗೋ?"

ಅಶ್ವಿನಿ ತುತ್ತು ನುಂಗಿ ಹೇಳಿದಳು. "ಹಸಿವಿಗ್ರಿ ಆಂಟಿ. ಹೌದೋ ಅಲ್ಲೋ ನನಗ ಇನ್ನೂ ಗೊತ್ತಾಗಿಲ್ಲ. ಗೊತ್ತಾಗೂಮಟ ಉಪಾಸ ಯಾಕ ಇರಬೇಕ್ರಿ?"

ಮಾವನವರು ಗಂಟಲು ಸರಿಮಾಡಿಕೊಂಡರು. ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡಳು. ಆ ತಾಯಿ ಮಾತ್ರ ಬೇಳೆಯ ಬಟ್ಟಲನ್ನು ಅವಳ ಕಡೆ ಸರಿಸಿದರು.

"ನನ್ನ ನೋಡಾಕ ಬಂದಾಗ ನಾ ಮುಂಜಾನಿಂದ ಏನೂ ತಿಂದಿದ್ದಿಲ್ಲ," ಎಂದರು. "ಅವರು ಸಂಜೀಮಟ ಕುಂತ್ರು. ನಿನಗ ಹಸಿವಿ ಆಗೇತೇನು ಅಂತ ಒಬ್ಬರೂ ಕೇಳ್ಲಿಲ್ಲವಾ." ಆಮೇಲೆ ಅನ್ನದ ಬಟ್ಟಲನ್ನು ತಮ್ಮ ಕಡೆ ಎಳೆದುಕೊಂಡು, ನನ್ನತ್ತ ತಿರುಗಿ, ಇದು ಹೌದು ಅಂತ ಅಲ್ಲ, ತಪ್ಪು ತಿಳಿಯಬೇಡಿ, ನನಗೂ ಹಸಿವಾಗಿದೆ ಅಷ್ಟೇ ಎಂದರು.

ಆಮೇಲೆ ಎಲ್ಲರೂ ಉಂಡೆವು. ಮಾವನವರೂ ಉಂಡರು, ಆದರೆ ಪ್ರತಿ ತುತ್ತಿಗೂ ಏನೋ ಹಾಳಾಯಿತು ಎಂಬಂತೆ ತಲೆ ಆಡಿಸುತ್ತ. ಮಕ್ಕಳಿಬ್ಬರೂ ನಮಗೆ ತಿಳಿಯದಂತೆ ಅರ್ಧರ್ಧ ಬಿಲ್ಲು ಕೊಟ್ಟುಬಿಟ್ಟಿದ್ದರು. ಹೀಗಾಗಿ ಯಾರು ಯಾರ ಊಟ ಉಂಡೆವು ಎಂಬುದೂ ಬಗೆಹರಿಯಲಿಲ್ಲ. ಬೀಗರೋ ಅಲ್ಲವೋ ತಿಳಿಯದವರಿಗೆ ಕೈಮುಗಿದು ಕ್ಯಾಬು ಹತ್ತಿದೆವು. ದಾರಿಯುದ್ದಕ್ಕೂ ನನ್ನ ತಂಗಿ ಊರಿನಿಂದ ಫೋನು ಮಾಡಿ, ಊಟ ಮಾಡಿದರೋ ಇಲ್ಲವೋ ಎಂದು ಕೇಳುತ್ತಿದ್ದಳು. ಮಾಡಿದರು ಎಂದರೆ ಸಿಹಿ ಹಂಚಿಬಿಡುತ್ತಾಳೆ, ಇಲ್ಲ ಎಂದರೆ ಸುಳ್ಳು. ಸಿಗ್ನಲ್ಲು ಸರಿಯಿಲ್ಲ ಎಂದೆ.

ಅಶ್ವಿನಿ ಮತ್ತು ಗಿರೀಶ ಆಮೇಲೆ ಕೆಲವು ಸಲ ಭೇಟಿಯಾದರು. ಒಂದು ದಿನ ಅವಳು ನಮ್ಮ ಮುಂದೆ ಕೂತು, ಹುಡುಗ ಒಳ್ಳೆಯವನು, ಆದರೆ ಬೇಡ ಎಂದಳು. ಅವನ ಅಂಗಡಿ ನನಗೆ ತಿಳಿಯುವುದಿಲ್ಲ, ನನ್ನ ಕೆಲಸ ಅವನಿಗೆ ತಿಳಿಯುವುದಿಲ್ಲ, ತಿಳಿದುಕೊಳ್ಳಬೇಕು ಎಂದು ಇಬ್ಬರಿಗೂ ಅನ್ನಿಸುತ್ತಿಲ್ಲ ಎಂದಳು. ನನ್ನ ಹೆಂಡತಿ ಅತ್ತಳು. ನನಗೂ ಬಹಳ ದುಃಖವಾಯಿತು, ಸುಳ್ಳೇಕೆ ಹೇಳಲಿ. ಜೊತೆಗೆ ಇನ್ನೊಂದು ಫಜೀತಿ. ಬೇಡ ಎಂದು ತಿಳಿಸಬೇಕಾದವನು ನಾನು. ಹೆಣ್ಣಿನ ಕಡೆಯವರು ಹೇಳುವಂಥ ನಾಜೂಕಿನ ಮಾತು ನನಗೊಂದೂ ಬರುತ್ತಿರಲಿಲ್ಲ. ಊರಿಗೆ ಹೋಗಿ ತಿಳಿಸುತ್ತೇವೆ ಎನ್ನೋಣವೆಂದರೆ ಅದನ್ನು ಹೇಳುವ ಹೊತ್ತು ಎಂದೋ ಮೀರಿತ್ತು. ಗಿರೀಶನ ತಾಯಿಗೆ ಫೋನು ಹಚ್ಚಿ, ತಡವರಿಸಿ, ನಮ್ಮ ಹುಡುಗಿ ಒಲ್ಲೆ ಅನ್ನುತ್ತಾಳೆ ಎಂದು ಹೇಳಿಯೇಬಿಟ್ಟೆ. ಅವರು, ಬಾಯಿಬಿಟ್ಟು ಹೇಳಿದಿರಿ, ಒಳ್ಳೆಯದಾಯಿತು ಎಂದರು. ಅಶ್ವಿನಿ ಆರಾಮಾಗಿದ್ದಾಳಾ ಎಂದು ಕೇಳಿದರು.

ಒಂದೆರಡು ತಿಂಗಳಿಗೆ ಅವರಿಗೆ ಮೊಣಕಾಲು ನೋವು ಶುರುವಾಗಿ ಅಶ್ವಿನಿಯ ಆಸ್ಪತ್ರೆಗೇ ಬಂದರು. ಅವಳೇ ವ್ಯಾಯಾಮ ಹೇಳಿಕೊಟ್ಟು ನಡೆಸಿದಳು, ಒಮ್ಮೆ ಮಧ್ಯಾಹ್ನ ಊಟಕ್ಕೆ ಮನೆಗೂ ಕರೆತಂದಳು. ಆಮೇಲೆ ಅದು ರೂಢಿಯಾಯಿತು. ಗಿರೀಶನಿಗೆ ಬೇರೆ ಕಡೆ ಮದುವೆಯಾಗಿದೆ, ಸುಖವಾಗಿದ್ದಾನೆ. ಅಶ್ವಿನಿಗೆ ಆಗಿಲ್ಲ. ಅವಳೂ ಸುಖವಾಗಿಯೇ ಕಾಣುತ್ತಾಳೆ. ಚಿಂತೆ ಮಾಡಬೇಕೋ ಬೇಡವೋ ತಿಳಿಯದೆ ನಾನು ಅರ್ಧ ಮಾಡುತ್ತೇನೆ.

ಇವತ್ತು ದಾಡಿ ಮಾಡಿಸಿಕೊಂಡು ಮಧ್ಯಾಹ್ನದ ಹೊತ್ತಿಗೆ ಮನೆಗೆ ಬಂದಾಗ ಬಾಗಿಲಲ್ಲಿ ಗಿರೀಶನ ತಾಯಿಯ ಚಪ್ಪಲಿ ಇದ್ದವು. ಒಳಗೆ ಅವರೂ ಅಶ್ವಿನಿಯೂ ಅಕ್ಕಪಕ್ಕ ಕೂತು ಊಟ ಶುರು ಮಾಡಿದ್ದರು, ನನಗಾಗಿ ಕಾದಿರಲಿಲ್ಲ. ಅದೇ ಹೊತ್ತಿಗೆ ಮೇಲಿನ ಮನೆಯ ರತ್ನಮ್ಮ ಡಬ್ಬಿ ಹಿಂತಿರುಗಿಸಲು ಬಂದರು. ಕಲಬುರ್ಗಿಯವರು, ಎಲ್ಲ ಸಂಬಂಧಗಳ ಗುರುತು ಇಟ್ಟುಕೊಂಡವರು. ಮೇಲಿಂದ ಮೇಲೆ ಬರುತ್ತಾರಲ್ಲ, ಇವರು ನಿಮಗೆ ಏನಾಗಬೇಕು ಎಂದು ನನ್ನನ್ನು ಎಷ್ಟೋ ಸಲ ಕೇಳಿದ್ದಾರೆ. ಬೀಗರು ಅನ್ನುವಂತಿಲ್ಲ, ಬಳಗ ಅನ್ನುವಂತಿಲ್ಲ. ನಮ್ಮ ಕಡೆಯವರು ಎಂದು ಹೇಳಿ ಪ್ರತಿ ಸಲವೂ ತಪ್ಪಿಸಿಕೊಂಡಿದ್ದೆ. ಇವತ್ತು ರತ್ನಮ್ಮ ನೇರವಾಗಿ ಅವರನ್ನೇ ಕೇಳಿಬಿಟ್ಟರು.

ಗಿರೀಶನ ತಾಯಿ ರೊಟ್ಟಿ ಮುರಿಯುತ್ತ, ತಲೆ ಎತ್ತದೆ ಹೇಳಿದರು. "ಇವರ ಮಗಳು ನಮ್ಮ ಹುಡುಗನ್ನ ಒಲ್ಲೆ ಅಂದಳ್ರಿ. ಅದಕ್ಕ ಊಟಕ್ಕ ಬಂದೀನಿ."

ರತ್ನಮ್ಮ ಚೇಷ್ಟೆಯೋ ನಿಜವೋ ಎಂದು ನನ್ನ ಮುಖ ನೋಡಿದರು. ಅಶ್ವಿನಿ ಎಡಗೈಯಿಂದ ಪಕ್ಕದ ಕುರ್ಚಿ ಎಳೆದಳು. ನಾನು ಒಳಗೆ ಹೋಗಿ ರತ್ನಮ್ಮನವರಿಗೂ ಒಂದು ತಾಟು ತಂದೆ.